ನಾಲ್ಕು ಮನೆಗೂ ಒಂದೇ ಮಗು

ನಾಲ್ಕನೆಯ ಮನೆಯಲ್ಲಿ, ಮಕ್ಕಳ ತೂಕದ ಸಮೀಕ್ಷೆಗೆ ಬಂದ ಹುಡುಗಿ ಜೋಲಿಯನ್ನು ಬಾಗಿಲ ಕೊಂಡಿಗೆ ಸಿಕ್ಕಿಸುವಷ್ಟರಲ್ಲೇ ಮಗು ಎರಡೂ ಕೈ ಮೇಲೆತ್ತಿ ನಿಂತಿತು. ಅವಳಿಗೆ ಅನುಮಾನ ಹುಟ್ಟಿದ್ದೇ ಆಗ. ಜೋಲಿ ಕಂಡರೆ ಯಾವ ಊರಿನ ಕೂಸಾದರೂ ಸೂರು ಹಾರುವಂತೆ ಅಳುತ್ತದೆ. ಇದು ತಾನಾಗಿಯೇ ಕಾಲು ತೂರಿಸುತ್ತಿದೆ.

ಉಬ್ಬಿದ ಕೆನ್ನೆ, ಹಣೆಯ ಮೇಲೆ ಕಾಳಿನಷ್ಟು ಮಚ್ಚೆ. ಮೊದಲ ಮನೆಯಲ್ಲಿ ನೀಲಿ ಅಂಗಿ, ಆಮೇಲೆ ಕೆಂಪು, ಆಮೇಲೊಂದು ಟೋಪಿ. ಯಾರ ಮುಖವನ್ನೂ ನೇರ ನೋಡಲಾರದ ಹುಡುಗಿ ಅಲ್ಲಿಯವರೆಗೆ ನೋಡಿದ್ದೆಲ್ಲ ತಕ್ಕಡಿಯ ಮುಳ್ಳನ್ನು. ಮೂರು ಹಾಳೆಯಲ್ಲೂ ಹನ್ನೊಂದು ಕಿಲೋ ಎಂದು ಅಂದವಾಗಿ ಬರೆದಿದ್ದಳು.

"ಇವಳ ಹೆಸರೇನಕ್ಕಾ?"

ಆ ಮನೆಯ ಸೊಸೆ ತಡವರಿಸಿದಳು. ಅತ್ತೆ ಮುಂದೆ ಬಂದಳು. "ಗುಂಡಮ್ಮ ಅಂತೀವಿ. ನಮ್ಮ ಮೊಮ್ಮಗಳೇ."

ಗುಂಡಮ್ಮ ಎದುರುಮನೆಯತ್ತ ಬೆರಳು ತೋರಿಸಿ "ಅಮ್ಮ" ಎಂದಳು.

"ಎಲ್ಲಾರಿಗೂ ಅಮ್ಮ ಅಂತಾಳೆ. ಬಾಯಿ ಜಾಸ್ತಿ."

ಒಳಗಿನಿಂದ ಸಣ್ಣ ಅಳು ಕೇಳಿಸಿತು, ಅಳಲೂ ಶಕ್ತಿಯಿಲ್ಲದ ಅಳು. ವಾರಕ್ಕೊಮ್ಮೆ ಬರುವ ನರ್ಸು, ಔಷಧಿ ಯಾವ ಊರಿಗೆ ಹೋಗಬೇಕೆಂದು ನಿರ್ಧಾರವಾಗುವುದು ಈ ಹಾಳೆಗಳನ್ನು ನೋಡಿಯೇ. ಹೀಗೇ ಬರೆದುಕೊಂಡು ಹೋದರೆ ಈ ಊರಿಗೆ ಏನೂ ಬೇಕಿಲ್ಲವೆಂದಾಗುತ್ತದೆ.

"ಅಜ್ಜೀ," ಅವಳ ಕಿವಿ ಬಿಸಿಯಾಯಿತು, "ಇವಳನ್ನ ಇವತ್ತು ನಾಲ್ಕನೇ ಸಲ ತೂಗ್ತಾ ಇದೀನಿ."

"ಅಂತೂ ಕಣ್ಣು ಬಿಟ್ಟೆ," ಎಂದಳು ಅಜ್ಜಿ, ಒಂದಿಷ್ಟೂ ನಾಚದೆ. ಆಮೇಲೆ ದನಿ ತಗ್ಗಿಸಿದಳು. "ಹೋದ ಸಲ ಬಂದೋರು ನಮ್ಮ ಕೂಸನ್ನ ನೋಡಿ, ಹೊಟ್ಟೆಗೆ ಹಾಕಲ್ವೇನಮ್ಮ ಅಂತ ಬೀದಿ ಎದುರೇ ಕೇಳಿದ್ರು. ಈ ನನ್ನ ಸೊಸೆ ಎರಡು ದಿನ ಊಟ ಮುಟ್ಟಲಿಲ್ಲ. ತನ್ನ ಪಾಲಿಂದೂ ಮಗೂಗೇ ತಿನ್ನಿಸೋಳು ಕಣಮ್ಮ ಇವಳು. ಎಲ್ಲಾ ಮನೇಲೂ ಇದೇ ಕತೆ, ಅದಕ್ಕೇ ಗುಂಡಮ್ಮನ್ನ ತೋರಿಸಿದ್ವಿ."

ಹುಡುಗಿ ಹಾಳೆ ನೋಡಿದಳು. 'ತಾಯಿ ಮಗುವಿಗೆ ಸರಿಯಾಗಿ ಉಣಿಸುತ್ತಾಳೆಯೇ?' ಮೂರು ಮನೆಯಲ್ಲಿ ಅವಳೂ ಇದನ್ನು ಓದಿ ಹೇಳಿದ್ದಳು. ಪೆನ್ನು ತೆಗೆದು ಆ ಸಾಲನ್ನು ಅಡ್ಡಗೀಟು ಎಳೆದು ಹೊಡೆದುಹಾಕಿದಳು.

"ನಾನೂ ಕೇಳ್ದೆ ಅಕ್ಕಾ, ತಪ್ಪಾಯ್ತು. ಮಗೂಗೆ ಏನಾಗುತ್ತೆ, ಏನು ಬೇಕು ಅಂತ ನೀವೇ ಹೇಳಿ. ಅದನ್ನೇ ಬರೀತೀನಿ."

ಸೊಸೆ ಒಳಗೆ ಹೋದಳು. ಬಟ್ಟೆಯಲ್ಲಿ ಸುತ್ತಿದ ಕೂಸಿನೊಂದಿಗೆ ಹೊರಬಂದಳು. ಜೋಲಿಯಲ್ಲಿ ಇಡುವಾಗ ಅದರ ಪಾದ ಹುಡುಗಿಯ ಅಂಗೈಯಲ್ಲಿ ಒಂದು ಕ್ಷಣ ನಿಂತಿತು. ಮುಳ್ಳು ಆರರ ಹತ್ತಿರ ನಡುಗಿ ನಿಂತಿತು.

"ಇವಳಿಗೆ ಹನ್ನೊಂದು ತಿಂಗಳು," ಎಂದಳು ತಾಯಿ. "ಹಾಗೇ ಬರೀರಿ. ಬೋರಿನ ನೀರು ಕುಡಿದ್ರೆ ಭೇದಿ ಆಗುತ್ತೆ, ಅದನ್ನೂ ಬರೀರಿ. ಎಲ್ಲಾ ಮನೇಲೂ ಆಗುತ್ತೆ."

"ಬರೀತೀನಿ. ಆದ್ರೆ ಇವಳು ನರ್ಸು ಬರೋವರೆಗೆ ಕಾಯೋದು ಬೇಡ. ಮಧ್ಯಾಹ್ನದ ಬಸ್ಸಿಗೆ ಆಸ್ಪತ್ರೆಗೆ ಹೋಗೋಣ, ನಾನೂ ಬರ್ತೀನಿ."

ತಾಯಿ ಹೂಂ ಎಂದು ತಲೆಯಾಡಿಸಿ ಕೂಸನ್ನು ಎದೆಗೆ ಒತ್ತಿಕೊಂಡಳು. ಅಜ್ಜಿ ಆಗಲೇ ಬೀದಿಗಿಳಿದಿದ್ದಳು.

"ನಿಮ್ಮ ನಿಮ್ಮ ಮಕ್ಕಳನ್ನೇ ತಗೊಂಡು ಬನ್ರೇ. ಈ ಹುಡುಗಿ ಬೈಯೋಳಲ್ಲ."