ತೂತಿಲ್ಲದ ವಾದ

ಅವಳಿಗೆ ಸ್ವಂತದ್ದೊಂದು ಕೋಣೆ ಇರಲಿಲ್ಲ. ಅಕ್ಕನ ಮನೆಯ ಹಜಾರದಲ್ಲಿ ಭಾವ ಟೀವಿ ಆರಿಸಿದ ಮೇಲೆ ಹಾಸಿಗೆ ಬಿಚ್ಚಬೇಕು, ಬೆಳಿಗ್ಗೆ ಅವನು ಪೇಪರ್ ಹಿಡಿದು ಬರುವ ಮೊದಲೇ ಸುತ್ತಿಡಬೇಕು. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಒಂದು ಕೋಣೆ ನೋಡಿಟ್ಟಿದ್ದಳು. ಮನೆಯೊಡತಿಯದು ಒಂದೇ ಮಾತು: "ಕೆಲಸ ಪರ್ಮನೆಂಟ್ ಆಗಲಮ್ಮ, ಆಮೇಲೆ ಬೀಗದ ಕೈ ಕೇಳು."

ಕೆಲಸವೆಂದರೆ ಪ್ರವೇಶ ಪರೀಕ್ಷೆಗಳಿಗೆ ಪ್ರಶ್ನೆ ಹೆಣೆಯುವುದು. ನಾಲ್ಕು ಸಾಲಿನ ಒಂದು ವಾದ ಬರೆಯಬೇಕು. ಬಾಯಿಬಿಟ್ಟು ಹೇಳದ ಊಹೆಯೊಂದು ಅದರಲ್ಲಿ ಅಡಗಿರಬೇಕು. ಅಭ್ಯರ್ಥಿ ಅದನ್ನು ಹೆಕ್ಕಿ ತೆಗೆಯಬೇಕು. "ಕೊಡೆಯ ಮಾರಾಟ ಏರಿದೆ, ಆದ್ದರಿಂದ ಮಳೆ ಹೆಚ್ಚಾಗಿದೆ" ಎಂದರೆ, ಬಿಸಿಲಿಗೆ ಯಾರೂ ಕೊಡೆ ಕೊಳ್ಳುವುದಿಲ್ಲ ಎಂಬುದು ಅಡಗಿದ ಊಹೆ. ಅನುಮಾನವಿದ್ದರೆ ಊಹೆಯನ್ನು ಮಗುಚಿ, ಅದು ಸುಳ್ಳೆಂದು ಇಟ್ಟುಕೊಂಡು ನೋಡುವುದು. ವಾದ ಕುಸಿದುಬಿದ್ದರೆ ಕಳ್ಳ ಸಿಕ್ಕಿದ ಹಾಗೆ.

ವಿಭಾಗದಲ್ಲಿ ಇದ್ದವರು ನಾಲ್ವರು. ಎಲ್ಲರಿಗಿಂತ ಹಿರಿಯನ ಅಡ್ಡಹೆಸರು ಗೊಣಗಪ್ಪ. "ಹಸಿವಾಗ್ತಿದೆ, ಡಬ್ಬಿ ತೆಗೀರಿ" ಎಂದರೂ ಸಾಕು, "ಡಬ್ಬೀಲಿ ಊಟ ಇದೆ ಅಂತ ಊಹೆ ಮಾಡ್ಕೊಂಡಿದ್ದೀಯಲ್ಲ, ತಾಯಿ!" ಎಂದು ಕಾಲೆಳೆಯುತ್ತಿದ್ದ.

ಒಂದು ದಿನ ಮ್ಯಾನೇಜರು ಹಾಳೆಯೊಂದನ್ನು ಹಿಡಿದು ಬಂದ. ಮುಚ್ಚುಮರೆಯ ಮನುಷ್ಯನಲ್ಲ.

"ನೋಡ್ರಪ್ಪ, ನಿಮ್ಮ ವಿಭಾಗ ಮುಚ್ಚಬೇಕು ಅಂತ ಬರೆದಿರೋ ಟಿಪ್ಪಣಿ ಇದು. ವಾದ ಗಟ್ಟಿ ಇಲ್ಲ ಅಂತ ಆಡಳಿತ ಮಂಡಳಿ ವಾಪಸ್ ಕಳಿಸಿದೆ. ನೀವು ಇದ್ರಲ್ಲಿ ಪಳಗಿದೋರು. ಒಂಚೂರು ನೋಡಿ."

ಟಿಪ್ಪಣಿಯಲ್ಲಿ ಇದ್ದದ್ದು ಇಷ್ಟು: ಹಳೆಯ ಪ್ರಶ್ನೆಗಳು ರಾಶಿ ಬಿದ್ದಿವೆ, ಆದ್ದರಿಂದ ಹೊಸದನ್ನು ಬರೆಯುವವರು ಬೇಡ.

ಬೇರೆ ಯಾರಾದರೂ ಆಗಿದ್ದರೆ ಹಾಳೆಯನ್ನು ಹರಿದು ಅವನ ಮುಖಕ್ಕೆ ಎಸೆಯುತ್ತಿದ್ದರು. ಇವರ ಕಣ್ಣುಗಳು ಅರಳಿದವು.

"ಥೂ, ಜರಡಿ ಕಣ್ರೀ ಇದು!" ಎಂದ ಗೊಣಗಪ್ಪ. "ಹಳೇ ಪ್ರಶ್ನೆ ಯಾರಿಗೂ ಗೊತ್ತಾಗಿಲ್ಲ ಅಂತ ಊಹೆ."

"ಪರೀಕ್ಷೆ ಮುಂದೂ ಹೀಗೇ ಇರುತ್ತೆ ಅಂತ ಇನ್ನೊಂದು," ಎಂದಳು ಅವಳು.

ಮ್ಯಾನೇಜರು ತಲೆ ಕೆರೆದುಕೊಂಡ. "ಹಾಗಾದ್ರೆ ಮುಚ್ಚೋದು ಬೇಡ ಅಂತೀರಾ?"

"ಮುಚ್ಚೋದು ಬಿಡೋದು ನಿಮ್ಮಿಷ್ಟ. ಈ ಕಾರಣದಿಂದ ಆ ತೀರ್ಮಾನ ಬರಲ್ಲ ಅಷ್ಟೇ," ಎಂದ ಗೊಣಗಪ್ಪ.

ಅಲ್ಲಿಗೆ ಬಾಯಿ ಮುಚ್ಚಿಕೊಂಡಿದ್ದರೆ ನಾಲ್ವರೂ ಬಚಾವಾಗುತ್ತಿದ್ದರು. ಅವಳು ಕೈ ಚಾಚಿದಳು. "ಕೊಡಿ ಸಾರ್, ನಾನು ಸರಿ ಮಾಡ್ತೀನಿ." ವಿಭಾಗ ಹೋದರೂ ಚೆನ್ನಾಗಿ ಕೆಲಸ ಮಾಡಿದವಳನ್ನು ಎಲ್ಲಾದರೂ ಉಳಿಸಿಕೊಳ್ಳುತ್ತಾರೆ, ಪರ್ಮನೆಂಟ್ ಮಾಡಲು ಇದಕ್ಕಿಂತ ಒಳ್ಳೆಯ ಗಳಿಗೆ ಇಲ್ಲ ಎಂದುಕೊಂಡಳು.

ಮೈ ಬಗ್ಗಿಸಿ ದುಡಿದಳು. ಸೋರಿಕೆಯಾದ ಪ್ರಶ್ನೆಗಳನ್ನು ತೆಗೆದುಹಾಕಿ ಉಳಿದವೂ ಸಾಕಾಗುತ್ತವೆ ಎಂದು ಲೆಕ್ಕ ಹಾಕಿ ತೋರಿಸಿದಳು. ಪರೀಕ್ಷೆಯ ಕ್ರಮ ಬದಲಾಗದು ಎಂಬುದಕ್ಕೆ ಗ್ರಾಹಕರ ಒಪ್ಪಂದಗಳನ್ನು ಲಗತ್ತಿಸಿದಳು. ಗೊಣಗಪ್ಪನೂ ಸುಮ್ಮನಿರಲಾರದೆ ಕುರ್ಚಿ ಎಳೆದುಕೊಂಡು ಬಂದು "ಬಹುಶಃ"ಗಳನ್ನೆಲ್ಲ ಹೊಡೆದುಹಾಕಿದ. ಉಳಿದಿಬ್ಬರು ಒಂದೊಂದೇ ಊಹೆಯನ್ನು ಮಗುಚಿ ನೋಡಿದರು. ಯಾವುದಕ್ಕೂ ವಾದ ಅಲುಗಲಿಲ್ಲ.

"ಭೇಷ್!" ಎಂದ ಗೊಣಗಪ್ಪ, ಕಣ್ಣಲ್ಲಿ ನೀರು ತಂದುಕೊಂಡು. "ನಾನು ಮಂಡಳೀಲಿ ಇದ್ದಿದ್ರೆ ಇವತ್ತೇ ಮುಚ್ಚಿಸಿಬಿಡ್ತಿದ್ದೆ."

ಮಂಡಳಿ ಚಕಾರವೆತ್ತದೆ ಒಪ್ಪಿತು. ಅವಳು ಮ್ಯಾನೇಜರ ಕೋಣೆಗೆ ಹೋದಳು.

"ಸಾರ್, ನನ್ನ ಪರ್ಮನೆಂಟ್ ವಿಷಯ..."

"ಯಾವ ವಿಭಾಗದಲ್ಲಮ್ಮ?"

"ಚೆನ್ನಾಗಿ ಕೆಲಸ ಮಾಡಿದೋರನ್ನ ಉಳಿಸ್ಕೋತೀರ ಅಂತ ನಾನು..."

"ಹಾಗಂತ ಯಾರು ಹೇಳಿದ್ರು?" ಅವನಿಗೆ ನಿಜಕ್ಕೂ ಆಶ್ಚರ್ಯವಾಗಿತ್ತು. "ನಾಲ್ಕೂ ಜನ ಬೇಡ ಅಂತ ನೀನೇ ಬರೆದು ಕೊಟ್ಟಿದ್ದೀಯಲ್ಲ. ಈಗ ಒಬ್ಬಳನ್ನ ಉಳಿಸ್ಕೊಂಡ್ರೆ ವಾದ ಬಿದ್ದುಹೋಗಲ್ವಾ?"

ಅವಳು ನಿಂತಲ್ಲೇ ಯೋಚಿಸಿದಳು. ಬಿದ್ದುಹೋಗುತ್ತಿತ್ತು. "ಹೌದು ಸಾರ್," ಎಂದಳು.

ಹೋದದ್ದು ನಾಲ್ಕು ಕೆಲಸ, ಒಂದು ಕೋಣೆ.