ಮೂವತ್ತೇಳನೆಯ ಗೂಡು

ಕಾಫಿಯ ದೊಡ್ಡ ಪಾತ್ರೆಯ ಗುಂಡಿಯನ್ನು ಒತ್ತಿದೊಡನೆ ಮನೆಯ ದೀಪಗಳೆಲ್ಲ ಎರಡನೆಯ ಸಲ ಆರಿದವು. ಕರಿಯ ಉಡುಪಿನ ಮೇಲೆ ಏಪ್ರನ್ ಕಟ್ಟಿಕೊಂಡಿದ್ದ ಸೈಮಿ ಫ್ಯೂಸನ್ನು ಸರಿಪಡಿಸಿ ಬರುವಷ್ಟರಲ್ಲಿ, ಅಂದು ಬೆಳಿಗ್ಗೆಯಷ್ಟೇ ಮಣ್ಣು ಮಾಡಿ ಬಂದಿದ್ದ ಗಂಡ ಎನ್ಸಿಯೊನ ತಮ್ಮ ಓಸ್ಮೊ ಬಾಗಿಲಲ್ಲಿ ಬೂಟಿನ ಹಿಮ ಕೊಡವುತ್ತಿದ್ದ.

"ಆ ನಿಮ್ಮ ಫೋನಾಸ್ಪತ್ರೆ ಕರೆಂಟನ್ನೆಲ್ಲ ಕುಡೀತಿದೆ ಸೈಮಿ. ಹೇಗಿದ್ರೂ ಮೂರು ಗಂಟೆಗೆ ಗುಜರಿ ವ್ಯಾನ್ ಬರುತ್ತೆ. ಈಗ್ಲೇ ಹೋಗಿ ಪ್ಲಗ್ ಕಿತ್ತಾಕು."

ಸೈಮಿ ಅಂಗಳ ದಾಟಿ ಸೌನಾದ, ಅಂದರೆ ಹಬೆಸ್ನಾನದ ಮನೆಯ, ಮುಂಕೋಣೆಗೆ ಹೋದಳು. ಒಂದು ಗೋಡೆಯುದ್ದಕ್ಕೂ ಎನ್ಸಿಯೊ ತನ್ನ ಕೈಯಾರೆ ಹೊಡೆದ ಹಲಗೆಯ ಗೂಡುಗಳಿದ್ದವು. ಗೂಡಿಗೊಂದರಂತೆ ಮೂವತ್ತಾರು ಹಳೆಯ ಫೋನುಗಳು. ಕರೆಂಟು ಮರಳಿದ್ದರಿಂದ ಅವು ಒಂದಾದ ಮೇಲೊಂದು ಎಚ್ಚರಗೊಳ್ಳುತ್ತಿದ್ದವು. ಕಪ್ಪು ಪರದೆಯ ಮೇಲಂಚಿನಲ್ಲಿ ಕೆಲವಕ್ಕೆ ಎರಡು, ಕೆಲವಕ್ಕೆ ನಾಲ್ಕು, ಕೆಲವಕ್ಕೆ ಎಂಟು ಪುಟ್ಟ ಪೆಂಗ್ವಿನ್‌ಗಳು ಮೂಡಿ ನಿಂತವು. ಫೋನನ್ನು ನಡೆಸುವ ಚಿಪ್ ಒಳಗೆ ಎಷ್ಟು ಮಿದುಳುಗಳಿವೆಯೋ ಅಷ್ಟು ಪೆಂಗ್ವಿನ್ ಎಂದು ಎನ್ಸಿಯೊ ಒಮ್ಮೆ ಹೇಳಿದ್ದ. ಮೂವತ್ತೇಳನೆಯ ಗೂಡು ಮಾತ್ರ ಖಾಲಿಯಿತ್ತು. ಅದರ ತಂತಿಯನ್ನು ಒಪ್ಪವಾಗಿ ಸುರುಳಿ ಸುತ್ತಿ ಇಡಲಾಗಿತ್ತು.

ಪ್ಲಗ್ಗಿನ ಮೇಲೆ ಕೈಯಿಟ್ಟವಳು ಹಾಗೆಯೇ ನಿಂತಳು. ಕೀಳುವ ಕೆಲಸವನ್ನು ವ್ಯಾನಿನವರೇ ಮಾಡಲಿ ಎಂದುಕೊಂಡು ಹಿಂದಿರುಗಿ, ಅಡುಗೆಮನೆಯ ಒಲೆಗೆ ಸೌದೆ ತುಂಬಿ, ಹಳೆಯ ತಾಮ್ರದ ಪಾತ್ರೆಯಲ್ಲಿ ಕಾಫಿಗೆ ನೀರಿಟ್ಟಳು.

* * *

ಹದಿನಾಲ್ಕು ವರ್ಷಗಳ ಹಿಂದೆ ಫೋನಿನ ಕಾರ್ಖಾನೆ ಮುಚ್ಚಿದಾಗ ಎನ್ಸಿಯೊ ಮನೆಗೆ ತಂದದ್ದು ಒಂದು ಪೆಟ್ಟಿಗೆ ಹಳೆಯ ಫೋನುಗಳನ್ನು. ಹಗಲು ಶಾಲೆಯೊಂದರಲ್ಲಿ ಬೀಗ, ನಲ್ಲಿ, ಅಂಗಳದ ಹಿಮ ನೋಡಿಕೊಳ್ಳುವ ಕೆಲಸಕ್ಕೆ ಸೇರಿದ. ಸಂಜೆಗಳೆಲ್ಲ ಸೌನಾದ ಮುಂಕೋಣೆಯ ಪಾಲಾದವು.

ಅಲ್ಲಿ ಮಾಡುವುದೇನೆಂದು ಸೈಮಿ ಕೇಳಿದ್ದಳು. ಫೋನು ತಯಾರಿಸಿದವರು ಎರಡು ವರ್ಷ ನೋಡಿಕೊಳ್ಳುತ್ತಾರೆ, ಆಮೇಲೆ ಮರೆಯುತ್ತಾರೆ ಎಂದಿದ್ದ ಅವನು. ಚಿಪ್ಪಿಗೆ ಏನೂ ಆಗಿರುವುದಿಲ್ಲ. ಅದರೊಡನೆ ಮಾತನಾಡುವವರು ಇಲ್ಲವಾಗುತ್ತಾರೆ, ಅಷ್ಟೆ. ಲಿನಕ್ಸ್ ಎಂಬ, ಪೆಂಗ್ವಿನ್ ಗುರುತಿನ ತಂತ್ರಾಂಶಕ್ಕೆ ಆ ಚಿಪ್ಪಿನ ಮಾತನ್ನು ಕಲಿಸುವ ಡ್ರೈವರನ್ನು ತಾನು ಬರೆಯುತ್ತಿದ್ದೇನೆ, ಬರೆದದ್ದನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಬಳಸಬಹುದು. ಚಿಪ್ಪಿನ ಒಳಗುಟ್ಟನ್ನು ತಿಳಿಸುವ ಕಾಗದಪತ್ರಗಳನ್ನು ಯಾರೂ ಕೊಡುತ್ತಿರಲಿಲ್ಲ. ಚಿಪ್ಪಿಗೆ ಒಂದು ಅಂಕಿ ಕಳಿಸುವುದು, ಏನಾಯಿತೆಂದು ನೋಡಿ ಬರೆದಿಡುವುದು, ಮತ್ತೊಂದನ್ನು ಕಳಿಸುವುದು. ಮೊದಲ ಪರದೆ ಬೆಳಗಲು ಐದು ತಿಂಗಳು ಹಿಡಿಯಿತು. ಆ ಸಂಜೆ ಅವನು ಬಂದು ಅಡುಗೆಮನೆಯ ಹೊಸ್ತಿಲಲ್ಲಿ ನಿಂತು, "ಹತ್ತಿತು" ಎಂದ.

"ಸಾರು ಆರಿತು" ಎಂದಿದ್ದಳು ಸೈಮಿ.

ಅವನದೊಂದು ನೇಮವಿತ್ತು. ತನ್ನ ಕೈಯಲ್ಲಿ ಹಿಡಿದು ನೋಡದ ಫೋನಿನ ಹೆಸರಿನ ಮುಂದೆ 'ಪರೀಕ್ಷಿಸಿದ್ದೇನೆ' ಎಂದು ಅವನು ಬರೆಯುತ್ತಿರಲಿಲ್ಲ. ಗೂಡುಗಳು ಬೆಳೆದದ್ದೇ ಹಾಗೆ.

ಈ ಜನವರಿಯಲ್ಲಿ, ತಟ್ಟೆಯ ಮೇಲಿಂದ ಕಣ್ಣೆತ್ತದೆ ಅವನು ಕೇಳಿದ್ದ: "ನಿನ್ನ ಫೋನು ಒಂದಿನ ಕೊಡ್ತೀಯಾ?"

"ಮನೇಲಿದ್ದದ್ದೆಲ್ಲ ಆ ಗೂಡಿಗೆ ಹೋಯ್ತು. ನಿನ್ನ ಊಟಕ್ಕೆ ಕರೆಯೋಕೆ ಇದೊಂದಾದ್ರೂ ಇರ್ಲಿ."

ಎನ್ಸಿಯೊ ತಲೆಯಾಡಿಸಿದ, ಮತ್ತೆ ಕೇಳಲಿಲ್ಲ. ಫೆಬ್ರವರಿಯಲ್ಲಿ ಸೌನಾದ ಮಾಡಿನ ಹಿಮ ಇಳಿಸುತ್ತಿದ್ದವನ ಎದೆಬಡಿತ ನಿಂತಿತು. ಸೈಮಿ ಊಟಕ್ಕೆ ಕರೆದಾಗ ಅವನ ಜೇಬಿನಲ್ಲಿ ಫೋನು ರಿಂಗಾಗುತ್ತಲೇ ಇತ್ತು.

* * *

ಆ ಬೆಳಿಗ್ಗೆ ಚರ್ಚಿನಲ್ಲಿ ಒಬ್ಬೊಬ್ಬರಾಗಿ ಶವಪೆಟ್ಟಿಗೆಯ ಬಳಿಗೆ ಹೋಗಿ, ಹೂವಿಟ್ಟು, ಹೂವಿಗೆ ಕಟ್ಟಿದ ಪಟ್ಟಿಯಲ್ಲಿದ್ದ ಮಾತನ್ನು ಎಲ್ಲರಿಗೂ ಕೇಳುವಂತೆ ಓದಿದರು. ಕೊನೆಯಲ್ಲಿ ಎದ್ದವಳು ಯಾರಿಗೂ ಗುರುತಿಲ್ಲದ ನಡುವಯಸ್ಸಿನ ಹೆಂಗಸು. ಚೆಕ್ ದೇಶದಿಂದ ಎರಡು ವಿಮಾನ, ಒಂದು ರೈಲು ಹಿಡಿದು ಬಂದಿದ್ದಳು. ಹೆಸರು ಬ್ಲಾಂಕಾ. ಕಾಗದ ನೋಡಿಕೊಂಡು, ತಡವರಿಸುತ್ತ, ಅಲ್ಲಿನವರ ನುಡಿಯಾದ ಫಿನ್ನಿಷಿನಲ್ಲಿಯೇ ಓದಿದಳು:

"ಹನ್ನೊಂದು ವರ್ಷ ನನ್ನ ತಪ್ಪುಗಳನ್ನು ತಿದ್ದಿದ ಎನ್ಸಿಯೊ ಅವರಿಗೆ. ಪರಿಶೀಲಿಸಿದವರು: ಬ್ಲಾಂಕಾ."

ಬೆಂಚುಗಳಲ್ಲಿ ಕುಳಿತವರು ಮುಖಮುಖ ನೋಡಿಕೊಂಡರು. "ಪೆಟ್ಟಿಗೆಗೂ ತಪಾಸಣೆ ಮುದ್ರೆ ಬಿತ್ತಲ್ಲಪ್ಪ" ಎಂದು ಓಸ್ಮೊ ಪಿಸುಗುಟ್ಟಿದ. ಒಬ್ಬರು ಬರೆದ ಡ್ರೈವರನ್ನು ಇನ್ನೊಬ್ಬರು ಓದಿ ಒಪ್ಪಿದಾಗ ಅವರವರಲ್ಲಿ ಹಾಕುವ ಸಹಿ ಅದು. ಹೂವಿನಂಗಡಿಯವರು ಏನು ಬರೆಯಲೆಂದು ಕೇಳಿದಾಗ ಅಭ್ಯಾಸಬಲದಿಂದ ಹೇಳಿಬಿಟ್ಟೆನೆಂದು ಬ್ಲಾಂಕಾ ಸಮಾಧಿಯ ಬಳಿ ಸೈಮಿಯ ಕ್ಷಮೆ ಕೇಳಿದಳು. ಇಬ್ಬರಿಗೂ ಅರೆಬರೆ ಬರುತ್ತಿದ್ದ ಇಂಗ್ಲಿಷಿನಲ್ಲಿ ಮಾತು ಸಾಗಿತು. ಹನ್ನೊಂದು ವರ್ಷಗಳಲ್ಲಿ ಒಂದು ಸಲವೂ ಎನ್ಸಿಯೊನ ಮುಖವನ್ನಾಗಲಿ ದನಿಯನ್ನಾಗಲಿ ಅವಳು ಕಂಡು ಕೇಳಿರಲಿಲ್ಲ.

* * *

ಮನೆಗೆ ಬಂದವರಿಗೆಲ್ಲ ಕಾಫಿಯ ಜೊತೆಗೆ ಸೈಮಿ ಮಾಡಿದ್ದ ಖಾರದ ಕೇಕನ್ನು ಹಂಚಿದ ಮೇಲೆ, ಬಂದ ಸಂತಾಪಪತ್ರಗಳನ್ನು ಗಟ್ಟಿಯಾಗಿ ಓದುವುದು ಮನೆಯವರ ಪಾಲಿನ ಕೆಲಸ. ಓಸ್ಮೊ ಎದ್ದುನಿಂತ. ಶಾಲೆಯದು, ನೆರೆಯವರದು, ಸೋದರತ್ತೆಯದು ಮುಗಿದವು. ಆಗ ಬ್ಲಾಂಕಾ ಇಂಗ್ಲಿಷಿನಲ್ಲಿದ್ದ ಪತ್ರಗಳ ದಪ್ಪನೆಯ ಕಟ್ಟೊಂದನ್ನು ಅವನ ಕೈಗಿತ್ತಳು.

"ಇದನ್ನೆಲ್ಲ ಓದಿದ್ರೆ ಕೇಕು ಹಳಸುತ್ತೆ" ಎಂದು ನಗುತ್ತಲೇ ಅವನು ತನಗೆ ತಿಳಿದಂತೆ ಫಿನ್ನಿಷಿಗೆ ತಿರುಗಿಸಿ ಓದತೊಡಗಿದ. ಟಾಂಜಾನಿಯಾದ ಮ್ಬೆಯಾದಲ್ಲೊಂದು ಶಾಲೆ. ಬಿಸಾಕಿದ ಇಪ್ಪತ್ತೆರಡು ಫೋನುಗಳೇ ಅದರ ಪುಸ್ತಕಭಂಡಾರ. ಚಿಲಿಯ ಒಬ್ಬ ಮೀನುಗಾರ. ಅವನ ದೋಣಿಗೆ ದಾರಿ ತೋರಿಸುವುದು ಒಡೆದ ಗಾಜಿನ ಒಂದು ಫೋನು. ಪೋಲೆಂಡಿನ ಒಬ್ಬ ಕುರುಡ ಮುದುಕನಿಗೆ ಪತ್ರಿಕೆ ಓದಿ ಹೇಳುವುದು ಇನ್ನೊಂದು. ಪ್ರತಿಯೊಂದರ ಕೊನೆಯಲ್ಲಿ ಫೋನಿನ ಹೆಸರು, ಅದರ ಮುಂದೆ ಒಂದೇ ಮಾತು: ನಡೆಯುತ್ತಿದೆ. ನಡೆಯುತ್ತಿದೆ. ನಡೆಯುತ್ತಿದೆ.

ಹನ್ನೆರಡನೆಯದರ ಹೊತ್ತಿಗೆ ಓಸ್ಮೊನ ದನಿಯಲ್ಲಿದ್ದ ನಗೆ ಅಡಗಿತ್ತು. ಕೋಣೆಯಲ್ಲಿ ಯಾರೂ ಬಟ್ಟಲು ಮುಟ್ಟುತ್ತಿರಲಿಲ್ಲ. ಅವನು ಕನ್ನಡಕ ತೆಗೆದು, ಇನ್ನೆಷ್ಟಿವೆ ಎಂಬಂತೆ ಬ್ಲಾಂಕಾಳ ಕಡೆ ನೋಡಿದ.

"ಒಟ್ಟು ನಾನೂರ ಹನ್ನೆರಡು" ಎಂದಳು ಅವಳು. "ಬರೆದವರು ಇಷ್ಟು. ಬರೆಯದವರ ಲೆಕ್ಕ ಯಾರಿಗೂ ಗೊತ್ತಿಲ್ಲ."

ಸೈಮಿ ಕಿಟಕಿಯಾಚೆ ನೋಡಿದಳು. ಇಪ್ಪತ್ತು ಹೆಜ್ಜೆಯಾಚೆ ಸೌನಾ ಎಂದಿನಂತೆ ಮೋಟಾಗಿ, ಹಿಮದಲ್ಲಿ ಅರೆ ಹೂತು ನಿಂತಿತ್ತು. ಅಷ್ಟು ಸಣ್ಣ ಬಾಗಿಲಿನಿಂದ ಸಮುದ್ರದ ದೋಣಿಗಳವರೆಗೆ ಏನೋ ಹೋಗುತ್ತಿತ್ತು. ಅವಳು ಆ ಬಾಗಿಲಿಗೆ ಹದಿನಾಲ್ಕು ವರ್ಷ ಊಟಕ್ಕೆಂದು ಕರೆ ಮಾಡಿದ್ದಳು.

ಬ್ಲಾಂಕಾ ಪಕ್ಕಕ್ಕೆ ಬಂದು ಕುಳಿತು, ಕೈಚೀಲದಿಂದ ಒಂದು ಹಾಳೆ ತೆಗೆದಳು. "ಅವರ ಕೊನೇ ಕೆಲಸ. ಓದಿ ನೋಡು ಅಂತ ನಂಗೆ ಕಳಿಸಿದ್ರು. ಮೂವತ್ತಾರು ಫೋನಿಗೂ ಪರೀಕ್ಷಿಸಿದ್ದೇನೆ ಅಂತ ಬರೆದಿದಾರೆ. ಮೂವತ್ತೇಳನೇದಕ್ಕೆ ನೋಡಿ."

ಸೈಮಿ ಓದಿದಳು. 'ಪರೀಕ್ಷಿಸಿಲ್ಲ. ಈ ಫೋನು ನನ್ನ ಹೆಂಡತಿಯದು. ಅವಳಿಗೆ ಅದು ಬೇಕು. ಕಾಯೋಣ.'

"ಇದೊಂದು ಸಾಲಿಗೋಸ್ಕರ ಲಿನಕ್ಸಿನವರಿಗೆ ಕಳಿಸದೇ ಇಟ್ಕೊಂಡ್ರು" ಎಂದಳು ಬ್ಲಾಂಕಾ. "ಇನ್ನು ಯಾರೂ ವಹಿಸ್ಕೊಳ್ದೇ ಇದ್ರೆ ಆ ಡ್ರೈವರ್ ಹೆಸರಿನ ಮುಂದೆ ಅನಾಥ ಅಂತ ಬರೀತಾರೆ. ಆಮೇಲೆ ಲಿನಕ್ಸಿಂದ್ಲೇ ತೆಗೀತಾರೆ. ಬರೆಯೋದು ನಂಗೆ ಬರುತ್ತೆ. ಆದ್ರೆ ಈ ಫೋನುಗಳೆಲ್ಲ ಒಂದೇ ಕಡೆ ಇರೋದು ನಿಮ್ಮಲ್ಲಿ ಮಾತ್ರ. ಅಲ್ಲಿ ಓಡಿಸಿ ನೋಡ್ದೆ ನಾನು ಸಹಿ ಹಾಕೋ ಹಾಗಿಲ್ಲ."

ಅಂಗಳದಲ್ಲಿ ವ್ಯಾನು ಬಂದು ನಿಂತ ಸದ್ದಾಯಿತು. ಮೂರು ಗಂಟೆ. ಓಸ್ಮೊ ಬಾಗಿಲತನಕ ಹೋಗಿ, ಹಿಡಿಕೆಯ ಮೇಲೆ ಕೈಯಿಟ್ಟು, ತಿರುಗಿ ಸೈಮಿಯನ್ನೇ ನೋಡುತ್ತ ನಿಂತ.

ಸೈಮಿ ಏಪ್ರನ್ನಿನ ಜೇಬಿನಲ್ಲಿದ್ದ ಫೋನನ್ನು ಕೈಗೆ ತೆಗೆದುಕೊಂಡಳು. ಅದರ ಅಂಚು ಸವೆದು ಬೆಳ್ಳಗಾಗಿತ್ತು.

"ಆ ವ್ಯಾನಿನವನನ್ನ ಒಳಗೆ ಕರಿ ಓಸ್ಮೊ. ಕಾಫಿ ಕುಡಿದು ಬರಿಗೈಲಿ ಹೋಗ್ಲಿ."

ಓಸ್ಮೊ ಹಿಡಿಕೆ ಬಿಟ್ಟು ಬಂದ. ಮೇಜಿನ ಮೇಲಿಂದ ಬಟ್ಟಲೊಂದನ್ನೆತ್ತಿಕೊಂಡು ಹೊರಗೆ ನಡೆದ.

ಮುಂಕೋಣೆಯಲ್ಲಿ ಸೈಮಿ ಸುರುಳಿ ಬಿಚ್ಚಿ, ತಂತಿಯನ್ನು ಫೋನಿಗೆ ಚುಚ್ಚಿ, ಅದನ್ನು ಮೂವತ್ತೇಳನೆಯ ಗೂಡಿನಲ್ಲಿಟ್ಟಳು. ಅಳತೆ ತೆಗೆದು ಮಾಡಿದಂತೆ ಕುಳಿತಿತು. ಬ್ಲಾಂಕಾ ಎನ್ಸಿಯೊನ ಕುರ್ಚಿಯಲ್ಲಿ, ಅವನು ಕೂರುತ್ತಿದ್ದಂತೆ ಕೋಟು ಬಿಚ್ಚದೆಯೇ ಕುಳಿತು, ಅವನ ಕಂಪ್ಯೂಟರಿನ ಕೀಲಿಗಳನ್ನು ಬಹಳ ಹೊತ್ತು ಒತ್ತಿದಳು. ಫೋನಿನ ಪರದೆ ಆರಿಹೋಯಿತು. ಕಪ್ಪಾಗಿಯೇ ಉಳಿಯಿತು. ಸುತ್ತಲಿನ ಮೂವತ್ತಾರರ ಬೆಳಕು ಅದರ ಗಾಜಿನ ಮೇಲೆ ಬಿದ್ದಿತ್ತು.

ಆಮೇಲೆ ಆ ಕಪ್ಪಿನ ಮೂಲೆಯಲ್ಲಿ ಏನೋ ಅಲುಗಿದಂತಾಗಿ, ಪುಟ್ಟ ಪೆಂಗ್ವಿನ್‌ಗಳು ಮೂಡಿದವು. ಎರಡೇ ಎರಡು, ಒಂದರ ಮಗ್ಗುಲಿಗೆ ಇನ್ನೊಂದು.