ಹನ್ನೊಂದು ಬೀಗದ ಕೈ

ಬೆಳಿಗ್ಗೆ ಎಂಟರ ಮೇಲೆ ಕೋಟೆಕೇರಿಗೆ ಯಾರಾದರೂ ಬಂದರೆ ಮಾತಿಗೆ ಸಿಗುವವಳು ಒಬ್ಬಳೇ, ಹೊನ್ನಮ್ಮ. ಉಳಿದವರೆಲ್ಲ ಆಗಲೇ ಗೋವಾ ರೈಲು ಹತ್ತಿ ಹೋಗಿರುತ್ತಾರೆ. ಮಕ್ಕಳು ಶಾಲೆಗೆ. ಮಾಜಾಳಿಗೂ ಹಣಕೋಣಕ್ಕೂ ನಡುವಿನ ಗುಡ್ಡದಲ್ಲಿ ಒಂದು ಹಳೇ ಕೋಟೆ, ಅದರ ಗೋಡೆಗೆ ಬೆನ್ನು ಕೊಟ್ಟು ಕೂತ ಹನ್ನೆರಡು ಮನೆ, ಊರೆಂದರೆ ಅಷ್ಟೇ. ಇರುವುದು ಇಲ್ಲಿ, ಅನ್ನ ಮಾತ್ರ ಗಡಿಯಾಚೆ.

ಹೊರಡುವ ಮುಂಚೆ ಎಲ್ಲರೂ ಬೀಗದ ಕೈಯನ್ನು ಹೊನ್ನಮ್ಮನ ಜಗುಲಿಯ ಮೊಳೆಗೆ ತೂಗುಹಾಕಬೇಕು. ಮಕ್ಕಳು ಶಾಲೆಯಿಂದ ಬಂದರೆ, ಮಳೆ ಬಂದು ಬಟ್ಟೆ ಒಳಗೆ ಹಾಕಬೇಕಾದರೆ, ಅವಳೇ ತೆಗೆಯುತ್ತಾಳೆ. ಓದು ಬಾರದು ಪಾಪ, ಅದಕ್ಕೆ ಒಂದೊಂದು ಕೈಗೆ ಒಂದೊಂದು ಬಣ್ಣದ ಚಿಂದಿ. ಮನಿಷಾಳ ಮನೆಯದು ಹಸಿರು.

ಮನಿಷಾ ಗೋವಾದ ಹೋಟೆಲೊಂದರಲ್ಲಿ ಹಾಸಿಗೆ ಬಟ್ಟೆ ಒಗೆಯುವ ವಿಭಾಗದವಳು. ಅಲ್ಲಿಗೆ ಬಂದಿದ್ದ ಫ್ರಾನ್ಸಿನ ಹೆಂಗಸೊಬ್ಬಳು ಹೊರಡುವಾಗ ತನ್ನ ಊರಿನ ಚಿತ್ರದ ಕಾರ್ಡು ಕೊಟ್ಟುಹೋಗಿದ್ದಳು. ನಾಲಿಗೆಗೆ ಹತ್ತದ ಹೆಸರಿನ ಸಣ್ಣ ಊರು. ನಡುವೆ ಆರೇಳು ನೂರು ವರ್ಷದ ಕೋಟೆ, ಗೋಡೆಗೆ ಅಂಟಿಕೊಂಡೇ ಮನೆಗಳು, ಕಿಟಕಿಗೆಲ್ಲ ಹೂವಿನ ಕುಂಡ. ಬೆಳಗಾದರೆ ಊರಿಗೆ ಊರೇ ರೈಲು ಹತ್ತಿ ಪ್ಯಾರಿಸ್ಸಿಗೆ ಹೋಗುತ್ತದಂತೆ, ಸಂಜೆ ವಾಪಸ್ಸು. "ಅಗೋ, ಇದು ನಮ್ಮ ಕೇರಿಯೇ!" ಎಂದು ಮನಿಷಾ ರೈಲಿನಲ್ಲಿ ಎಲ್ಲರಿಗೂ ತೋರಿಸಿದಳು. ಅಂದಿನಿಂದ ಅವಳಿಗೆ ಫ್ರೆಂಚ್ ಬಾಯಿ ಎಂದೇ ಹೆಸರು. ಕಾರ್ಡು ಕನ್ನಡಿಯ ಮೂಲೆಗೆ ಸಿಕ್ಕಿಕೊಂಡಿತು. ಕಿಟಕಿಗೊಂದು ಕುಂಡವೂ ಬಂತು.

ಹಿಂದಿನ ವರ್ಷ ಪಕ್ಕದ ಊರಲ್ಲಿ ಯಾರೋ "ಇಲ್ಲಿ ಯಾರಿದ್ದಾರೆ" ಎಂದು ಕೇಳಿಕೊಂಡು ಬಂದು, ಯಾರೂ ಇಲ್ಲ ಎಂದು ತಿಳಿದುಕೊಂಡು, ಮೂರು ಮನೆ ದೋಚಿದ್ದರು. ಹೆದರಿದ ಮನಿಷಾ ಹೊನ್ನಮ್ಮನನ್ನು ಕೂರಿಸಿ ಪಾಠ ಮಾಡಿದಳು. "ಯಾರೇ ಕೇಳ್ಲಿ, ಮನೇಲಿ ಜನ ಇಲ್ಲ ಅನ್ಬೇಡ ಗೋ. ಎಲ್ಲಾ ಮನೆ ನಂದೇ, ನಾ ಇಲ್ಲೇ ಇರ್ತೆ ಅಂತ ಹೇಳು. ಗಟ್ಟಿಯಾಗಿ ಹೇಳು." ಹೊನ್ನಮ್ಮ ಮಗ್ಗಿಯ ಹಾಗೆ ಬಾಯಿಪಾಠ ಮಾಡಿದಳು.

೨೦೦೭ರ ದೀಪಾವಳಿ ಕಳೆದ ಮೇಲೆ ಒಂದು ಸಂಜೆ ಮುದುಕಿಯ ಮುಖದಲ್ಲಿ ಎಲ್ಲಿಲ್ಲದ ಕಳೆ. "ಬಂದಿದ್ರು ಗೋ, ಇಬ್ರು! ಕೈಯಲ್ಲಿ ಉದ್ದ ಟೇಪು, ಪುಸ್ತಕ. ಯಾರ ಮನೆ ಅಂದ್ರು. ಎಲ್ಲಾ ನಂದೇ ಅಂದೆ. ಬೇರೆ ಯಾರೂ ಇಲ್ವಾ ಅಂದ್ರು. ನಾ ಒಬ್ಳೇ ಸಾಕು ಅಂದೆ! ನಂಬ್ಲಿಲ್ಲ. ಬೀಗದ ಕೈ ಗೊಂಚಲೇ ತೋರ್ಸ್ದೆ, ಹೆಬ್ಬೆಟ್ಟೂ ಒತ್ದೆ. ತೆಪ್ಪಗೆ ಹೋದ್ರು."

"ಭಲೇ ನಮ್ಮ ಹೊನ್ನಮ್ಮ!" ಎಂದು ಕೇರಿಯೆಲ್ಲ ನಕ್ಕಿತು. ಕಳ್ಳರಿಗೆ ಚಳ್ಳೆಹಣ್ಣು ತಿನ್ನಿಸಿದಳಲ್ಲ! ಮನಿಷಾ ಮಾರನೆ ದಿನ ಮಡಗಾಂವಿನಿಂದ ಅವಳಿಗೆಂದೇ ಪಾವ್ ತಂದಳು. ಅಯ್ಯೋ, ಕಳ್ಳರು ಹೆಬ್ಬೆಟ್ಟು ಯಾಕೆ ಕೇಳುತ್ತಾರೆ ಎಂದು ಒಬ್ಬರಿಗಾದರೂ ಹೊಳೆಯಬಾರದೇ? ಹೊಳೆಯಲಿಲ್ಲ.

ಬಂದವರು ಸರ್ಕಾರದ ಅಳತೆಯವರು. ಕೋಟೆಯ ಬುಡದಲ್ಲಿ ಪ್ರವಾಸಿಗರಿಗೆ ಉದ್ಯಾನ ಮಾಡುವವರಿದ್ದರು. ಮನೆ ಕಳೆದುಕೊಳ್ಳುವವರಿಗೆ ಹಣಕೋಣದ ಕಡೆ ಒಂದೊಂದು ನಿವೇಶನ. ನೋಟೀಸು ಎರಡು ತಿಂಗಳು ಕೋಟೆಯ ಹೆಬ್ಬಾಗಿಲಿಗೆ ಅಂಟಿಕೊಂಡಿತ್ತು. ಆದರೆ ಕೇರಿಯವರು ಸ್ಟೇಷನ್ನಿಗೆ ಹಿಂದಿನ ಕಾಲುದಾರಿಯಲ್ಲಿ ಹೋಗುವವರು, ಬೆಳಕು ಹರಿಯುವ ಮುಂಚೆ ಹೋಗಿ ಮುಸ್ಸಂಜೆಗೆ ಬರುವವರು. ಹೆಬ್ಬಾಗಿಲನ್ನು ನೋಡಿ ಎಷ್ಟೋ ವರ್ಷವಾಗಿತ್ತು.

ಕೊನೆಗೆ ಒಂದು ಕಾಗದ ಬಂತು, ಹೊನ್ನಮ್ಮನ ಹೆಸರಿಗೆ. ಮನಿಷಾ ಓದಿ ಹೇಳಲು ಕೂತಳು. ಕೋಟೆಕೇರಿ: ವಾಸವಿರುವ ಕುಟುಂಬ ಒಂದು, ಖಾಲಿ ಕಟ್ಟಡ ಹನ್ನೊಂದು. ನಿವೇಶನ ಒಂದು.

"ಎಂತ ಬರ್ದಾರೆ ಗೋ?" ಎಂದಳು ಹೊನ್ನಮ್ಮ.

"ನಿಂಗೆ ಜಾಗ ಕೊಡ್ತಾರಂತೆ," ಎಂದಳು ಮನಿಷಾ. ಕಾಗದ ಮಡಚಿ ಮುದುಕಿಯ ಕೈಗಿಟ್ಟಳು.

ಉಳಿದಿದ್ದ ರಜೆಯನ್ನೆಲ್ಲ ಸುರಿದು ಮನಿಷಾ, ಅವಳ ಗಂಡ ರೂಪೇಶ, ಕೇರಿಯ ಹಿರಿಯ ದೇವಿದಾಸ ಕಾರವಾರದ ಕಚೇರಿಗೆ ಆರು ಸಲ ಅಲೆದರು. ಜಾಗ ಕೋಟೆಯದು, ಮನೆಗೆ ನಂಬರಿಲ್ಲ. ರೇಶನ್ ಕಾರ್ಡೆಲ್ಲ ಮಾಜಾಳಿಯ ನೆಂಟರ ವಿಳಾಸದಲ್ಲಿ. ಆರನೆಯ ಸಲ ಸಾಹೇಬರು ಸಿಕ್ಕರು, ಬಯಲುಸೀಮೆಯವರು, ಕೆಟ್ಟವರೇನಲ್ಲ.

"ತಕರಾರಿನ ಅವಧಿ ಮುಗಿದಿದೆ ತಾಯಿ. ಹಗಲು ಹೊತ್ತು ಸ್ಥಳದಲ್ಲಿ ಯಾರೂ ಇರಲಿಲ್ಲವಲ್ಲ. ಆ ಅಜ್ಜಿಯೇ ಹೇಳಿಕೆ ಕೊಟ್ಟಿದ್ದಾರೆ. ಸುಳ್ಳು ಹೇಳಿಕೆ ಅನ್ನುತ್ತೀರಾ? ಬರೆದುಕೊಡಿ. ಅವರ ನಿವೇಶನವೂ ಹೋಗುತ್ತದೆ, ಮೇಲೆ ಕೇಸು."

ಮನಿಷಾ ರೂಪೇಶನ ಮುಖ ನೋಡಿದಳು. ಬರೆದುಕೊಡಲು ಯಾರಿಗೂ ಕೈ ಬರಲಿಲ್ಲ. ಯಾಕೆ ಹಾಗೆ ಮಾಡಿದಳೋ ಅವಳಿಗೇ ಗೊತ್ತಿಲ್ಲ, ಕನ್ನಡಿಯಿಂದ ಕಿತ್ತು ತಂದಿದ್ದ ಫ್ರಾನ್ಸಿನ ಕಾರ್ಡನ್ನು ಕೈಚೀಲದಿಂದ ತೆಗೆದು ಮೇಜಿನ ಮೇಲಿಟ್ಟಳು. "ನೋಡಿ ಸರ್, ಅಲ್ಲೂ ಕೋಟೆ ಗೋಡೆಗೇ ಮನೆ ಅದೆ. ಅವ್ರೂ ಬೆಳಿಗ್ಗೆ ಎದ್ದು ರೈಲಿಗೇ ಹೋಗೂದು. ಅವ್ರನ್ನ ಯಾರೂ ಖಾಲಿ ಅನ್ನೂದಿಲ್ಲ."

ಸಾಹೇಬರು ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. "ಚೆನ್ನಾಗಿದೆ," ಎಂದರು. "ನಮ್ಮ ಉದ್ಯಾನವೂ ಹೀಗೇ ಬರಬೇಕು ಅಂತ ಆಸೆ."

ಮನೆಗಳನ್ನು ತಿಂಗಳ ಕೊನೆಯೊಳಗೆ ಒಡೆಯುತ್ತಾರೆ ಎಂದರು, ಯಾವ ದಿನ ಎಂದು ಹೇಳಲಿಲ್ಲ. ಮನಿಷಾಳಿಗೆ ಕಾರವಾರದಲ್ಲಿ ಒಂದು ಬಾಡಿಗೆ ಕೋಣೆ ಸಿಕ್ಕಿ ಅರ್ಧ ಸಾಮಾನು ಸಾಗಿಸಿ ಆಗಿತ್ತು. ಇನ್ನೊಂದು ದಿನ ತಪ್ಪಿಸಿದರೆ ಬರಲೇ ಬೇಡ ಎಂದಿದ್ದರು ಹೋಟೆಲಿನವರು. ಹಾಗಾಗಿ ಆ ಬುಧವಾರವೂ ಮನಿಷಾ ಎದ್ದಳು, ಕುಂಡಕ್ಕೆ ನೀರು ಹಾಕಿದಳು, ಬಾಗಿಲಿಗೆ ಬೀಗ ಹಾಕಿ ಹಸಿರು ಚಿಂದಿಯ ಕೈಯನ್ನು ಮೊಳೆಗೆ ತೂಗುಹಾಕಿ ರೈಲಿಗೆ ಓಡಿದಳು.

ಸಂಜೆ ಕಾಲುದಾರಿ ಹತ್ತಿ ಬಂದಾಗ ಮೊದಲು ಕಂಡದ್ದು ಕೋಟೆಯ ಗೋಡೆ. ಇಷ್ಟು ವರ್ಷ ಮನೆಗಳ ಹಿಂದೆ ಅಡಗಿದ್ದ ಗೋಡೆ, ಬುಡದಿಂದ ತುದಿಯವರೆಗೂ ಕಂಡಿತು. ಕೆಳಗೆ ಬರೇ ಕೆಂಪು ಮಣ್ಣು, ಹೆಂಚಿನ ಚೂರು. ರೈಲಿನಿಂದ ಜೊತೆಗೆ ಬಂದವರು ಅಲ್ಲಲ್ಲೇ ಕೂತುಬಿಟ್ಟರು. ದೇವಿದಾಸ ಮಗುವಿನ ಹಾಗೆ ಅತ್ತ.

ಹೊನ್ನಮ್ಮನ ಮನೆಯೂ ಇರಲಿಲ್ಲ. ಅವಳು ಮಾತ್ರ ಇದ್ದಳು, ಜಗುಲಿ ಇದ್ದ ಜಾಗದಲ್ಲಿ, ಮಡಿಲ ತುಂಬ ಕಬ್ಬಿಣ ಇಟ್ಟುಕೊಂಡು. ಮನಿಷಾಳನ್ನು ಕಂಡು ತಡಕಾಡಿ, ಹಸಿರು ಚಿಂದಿ ಹುಡುಕಿ ಎತ್ತಿದಳು. ಬೀಗದ ಕೈಯ ಜೊತೆಗೆ ಬೀಗವೂ ಇತ್ತು.

"ಯಂತ್ರ ತಂದು ಬೀಗ ಒಡೀಲಿಕ್ಕೆ ಬಂದ್ರು ಗೋ. ನಾ ಬಿಡ್ತೆನಾ? ತಡೀರಿ ಅಂದೆ. ಹನ್ನೊಂದೂ ಮನೆ ನಾನೇ ತೆಗ್ದು ಕೊಟ್ಟೆ." ಸೆರಗಿನಿಂದ ಬೀಗದ ಮೇಲಿನ ಮಣ್ಣು ಒರೆಸಿ ಮನಿಷಾಳ ಅಂಗೈಗೆ ಇಟ್ಟಳು. "ನೋಡು, ಒಂದು ಗೆರೆ ಬೀಳ್ಲಿಲ್ಲ."